ದೂಮಪ್ಪ ಪೂಜಾರಿಯ ಕ್ಯಾಪ್ಟನ್

ಬೆಳಿಗ್ಗೆ ಅಂಗಡಿಯ ಬೀಗ ತೆಗೆದ ಮೇಲೆ ದೂಮಪ್ಪ ಪೂಜಾರಿ ಮಾಡುವ ಮೊದಲ ಕೆಲಸ, ಹಿಂದಿನ ದಿನದ ಪತ್ರಿಕೆಯ ಹಾಳೆಗಳನ್ನು ಬಿಡಿಸಿ, ನೆಟ್ಟಗೆ ಮಡಚಿ, ಕೌಂಟರಿನ ಕೆಳಗೆ ಪೇರಿಸಿಡುವುದು. ಆರು ಕ್ಯಾನುಗಳ ಕಟ್ಟಿಗೆ ಒಂದು ಪೂರ್ತಿ ಹಾಳೆ ಬೇಕು. ವೈನ್ ಬಾಟಲಿಗೆ ಅರ್ಧ ಸಾಕು. ಬಣ್ಣದ ಜಾಹೀರಾತಿನ ಪುಟಗಳು ಒದ್ದೆಯಾದರೆ ಗಿರಾಕಿಯ ಅಂಗಿಗೆ ಮಸಿ ಹತ್ತುತ್ತದೆಂದು ಅವನ್ನು ಬೇರೆ ತೆಗೆದಿಡುತ್ತಿದ್ದರು.

1995ರ ಏಪ್ರಿಲಿನ ಒಂದು ಗುರುವಾರ ಮೊದಲ ಗಿರಾಕಿಯಾಗಿ ಬಂದವರು ಲೆರಾಯ್ ಟಿಪೆಟ್. ಮೇರಿಲ್ಯಾಂಡಿನ ಲಾರೆಲ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮಾಜಿ ಮುಖ್ಯಸ್ಥ. ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ. ಗುರುವಾರ ಬಂದು ಆರು ಕ್ಯಾನ್ ಓಲ್ಡ್ ಟಾಲ್ಬಟ್ ಬಿಯರ್ ಒಯ್ಯುವುದು ಅವರ ರೂಢಿ. ದೂಮಪ್ಪ ಒಳಕೋಣೆಗೆ ಹೋಗಿ ಬಿಯರ್ ತಂದರು, ಹಾಳೆಯಲ್ಲಿ ಸುತ್ತಿದರು, ಕಪ್ಪು ಚೀಲಕ್ಕೆ ಹಾಕಿ ಬಲಗೈಯಲ್ಲಿ ಎತ್ತಿ ಕೊಟ್ಟರು. ಟಿಪೆಟ್ ಚೀಲದಿಂದ ಕಟ್ಟನ್ನು ಹೊರತೆಗೆದು, ಹಾಳೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕೌಂಟರಿನ ಮೇಲಿಟ್ಟರು.

“ಡೊಮ್, ನಮ್ಮ ಕಡೆ ಪೇಪರ್ ಹಾಸೋದು ಏಡಿ ತಿನ್ನೋವಾಗ. ಬಿಯರಿಗೆ ಹೊದಿಸೋದಿಲ್ಲ.”

“ಅದಕ್ಕೆ ಚಾರ್ಜ್ ಇಲ್ಲ, ಮಿಸ್ಟರ್ ಟಿಪೆಟ್.”

“ಗೊತ್ತು. ಒಂದೂವರೆ ವರ್ಷದಿಂದ ಹಾಗೇ ಹೇಳ್ತಿದ್ದೀರಿ.” ಟಿಪೆಟ್ ಟೊಪ್ಪಿ ತೆಗೆದರು. “ನೋಡಿ, ನಾವು ಬೀದಿಯವರೆಲ್ಲ ಸೇರಿ ಲೈಸೆನ್ಸ್ ಮಂಡಳಿಗೆ ಬರೆದಿದ್ದೀವಿ. ನಿಮ್ಮ ಲೈಸೆನ್ಸ್ ಮುಂದುವರಿಸಬಾರದು ಅಂತ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ, ನಾನೇ ಹೇಳಿ ಹೋಗೋಣ ಅಂತ ಬಂದೆ.”

“ಥ್ಯಾಂಕ್ಯೂ” ಎಂದರು ದೂಮಪ್ಪ. ಟಿಪೆಟ್ ಬಿಯರ್ ಕಟ್ಟನ್ನು ಬೆರಳಿಗೆ ನೇತುಹಾಕಿಕೊಂಡು, ಎಲ್ಲರಿಗೂ ಕಾಣುವಂತೆ, ರಸ್ತೆಯುದ್ದಕ್ಕೂ ನಡೆದು ಹೋದರು.

ಆ ಕೌಂಟಿಯಲ್ಲಿ ಬಿಯರ್ ಮತ್ತು ವೈನ್ ಮಾರುವ ಲೈಸೆನ್ಸನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಸುತ್ತಲಿನ ನಿವಾಸಿಗಳು ಆಕ್ಷೇಪ ಎತ್ತಿದರೆ ವಿಚಾರಣೆ ನಡೆಯುತ್ತದೆ. ನವೀಕರಣ ಸಿಗದಿದ್ದರೆ ಅಂಗಡಿ ಮುಚ್ಚಬೇಕು. ದೂಮಪ್ಪನವರಿಗೆ ಆಗ ಐವತ್ತೊಂದು. ಬೇರೆ ಕೆಲಸ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದ್ದ ಕೆಲಸಗಳನ್ನೆಲ್ಲ ಆಗಲೇ ಬಿಟ್ಟಾಗಿತ್ತು. ಕಿನ್ನಿಗೋಳಿಯಿಂದ ಬೊಂಬಾಯಿಗೆ ಹೋಗಿ ಫೋರ್ಟಿನ ಒಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಕಾಮರ್ಸ್ ಓದಿದರು. ಬಹರೇನಿನಲ್ಲಿ ಲೆಕ್ಕ ಬರೆದರು. ನರ್ಸ್ ಆಗಿದ್ದ ಹೆಂಡತಿ ಚಂದ್ರಾವತಿಗೆ ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಮಗಳು ಅಶ್ವಿತಾಳನ್ನು ಎತ್ತಿಕೊಂಡು ಹಿಂದೆಯೇ ಬಂದರು. ಕಾರು ನಿಲ್ಲಿಸುವ ಗರಾಜಿನಲ್ಲಿ ಟಿಕೆಟ್ ಹರಿದರು, ಮೋಟೆಲ್ ಒಂದರ ಲೆಕ್ಕ ನೋಡಿಕೊಂಡರು. 1993ರ ಶರತ್ಕಾಲದಲ್ಲಿ ಸ್ಟ್ಯಾನ್ ವಿಟೆಕ್ ಎಂಬ ಮುದುಕ ಫ್ಲೋರಿಡಾಕ್ಕೆ ಹೊರಟು ನಿಂತಾಗ ಅವನ ಅಂಗಡಿಯನ್ನು ಕೊಂಡರು. ಅಂಗಡಿಯ ಜೊತೆಗೆ ಕ್ಯಾಪ್ಟನ್ ಬಂದ.

ಕ್ಯಾಪ್ಟನ್ ಇದ್ದದ್ದು ಮಾಡಿನ ಮೇಲೆ. ಎರಡಾಳೆತ್ತರದ ನಿಯಾನ್ ದೀಪದ ಬೋರ್ಡು. ನೀಲಿ ಟೊಪ್ಪಿ, ಬಿಳಿ ಗಡ್ಡ, ಕೈಯಲ್ಲಿ ನೊರೆಯುಕ್ಕುವ ಹಳದಿ ಗ್ಲಾಸು. ಮೊದಲು ಗ್ಲಾಸು ಸೊಂಟದ ಹತ್ತಿರ ಬೆಳಗುತ್ತಿತ್ತು, ಆಮೇಲೆ ಎದೆಯ ಹತ್ತಿರ, ಆಮೇಲೆ ಬಾಯಿಯ ಹತ್ತಿರ. ಒಂದು ಗಳಿಗೆ ಎಲ್ಲ ಕತ್ತಲು. ಮತ್ತೆ ಸೊಂಟ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕ್ಯಾಪ್ಟನ್ ಹೀಗೆ ಕುಡಿಯುತ್ತಿದ್ದ, ಗ್ಲಾಸು ಖಾಲಿಯಾಗಿರಲಿಲ್ಲ. ಕೆಳಗೆ ಕೆಂಪಕ್ಷರದಲ್ಲಿ ಓಲ್ಡ್ ಟಾಲ್ಬಟ್.

ಓಲ್ಡ್ ಟಾಲ್ಬಟ್ ಬಾಲ್ಟಿಮೋರಿನಲ್ಲಿ ತಯಾರಾಗುವ ಅಗ್ಗದ ಬಿಯರ್. ಪೊಟೊಮ್ಯಾಕ್ ನದಿ ದಾಟಿ ವರ್ಜೀನಿಯಾಕ್ಕೆ ಹೋದರೆ ಅಂಗಡಿಯವರು ಅದರ ಹೆಸರನ್ನು ಎರಡು ಸಲ ಕೇಳುತ್ತಾರೆ. ಮೇರಿಲ್ಯಾಂಡಿನವರು ಅದನ್ನು ಟಾಲಿ ಎನ್ನುತ್ತಾರೆ. ಬೇಸಿಗೆಯಲ್ಲಿ ಏಡಿ ಬೇಯಿಸುವ ಹಂಡೆಗೆ ವಿನೆಗರ್ ಜೊತೆ ಒಂದೆರಡು ಕ್ಯಾನ್ ಟಾಲಿ ಸುರಿಯುತ್ತಾರೆ, ಉಳಿದದ್ದನ್ನು ಏಡಿಯ ಜೊತೆ ಕುಡಿಯುತ್ತಾರೆ. ಬೇಸ್‌ಬಾಲ್ ನೋಡುವಾಗ ಅದೇ, ಚರ್ಚಿನ ಹಾಲಿನಲ್ಲಿ ಮದುವೆಯೂಟವಾದರೆ ಅದೇ, ಅಗ್ನಿಶಾಮಕ ದಳಕ್ಕೆ ಹಣ ಕೂಡಿಸುವ ಊಟಕ್ಕೂ ಅದೇ. ಮಣ್ಣು ಮಾಡಲು ಹೋದವರು ಸಮಾಧಿಯ ಕಲ್ಲಿನ ಮೇಲೆ ಒಂದು ಕ್ಯಾನ್ ಇಟ್ಟು ಬರುವುದೂ ಉಂಟು. ಅದು ಒಳ್ಳೆಯ ಬಿಯರ್ ಎಂದು ಯಾರೂ ಹೇಳುವುದಿಲ್ಲ. ಹೊಗಳಿದವನನ್ನು ನಂಬುವುದಿಲ್ಲ, ಹೊರಗಿನವನು ಹಳಿದರೆ ಬಿಡುವುದಿಲ್ಲ. ಹಳಿಯುವ ಹಕ್ಕು ಊರಿನವರದು.

ಹೀಗಾಗಿ ಲಾರೆಲ್‌ನಲ್ಲಿ ದಾರಿ ಹೇಳುವವರು ಬೀದಿಯ ಹೆಸರು ಹೇಳುತ್ತಿರಲಿಲ್ಲ. ‘ಕ್ಯಾಪ್ಟನ್ ದಾಟಿ ಎಡಕ್ಕೆ’ ಎನ್ನುತ್ತಿದ್ದರು. ದೂಮಪ್ಪ ಅಂಗಡಿ ಕೊಂಡ ವಾರವೇ ಆ ದೀಪ ಆರಿಸಿದರು. ಬಿಯರ್ ಕಪಾಟನ್ನು ಒಳಕೋಣೆಗೆ ಸರಿಸಿದರು. ರಸ್ತೆಗೆ ಕಾಣುವ ದೊಡ್ಡ ಕಿಟಕಿಗೆ ಚಂದ್ರಾವತಿಯ ಹಳೆಯ ಸೀರೆಯ ಪರದೆ ಹಾಕಿದರು, ಒಳ್ಳೆಯ ಹಸಿರು ಬಣ್ಣದ್ದು. ಮೊದಲ ಚಳಿಗಾಲದಲ್ಲಿ ಹಿಂದಿನ ಬೀದಿಯ ಮಿಸೆಸ್ ಗ್ರಬ್ ಎಂಬ ಮುದುಕಿಗೆ ಎದೆನೋವು ಬಂದು ಆಂಬುಲೆನ್ಸ್ ಕರೆದಾಗ ಚಾಲಕ ಕತ್ತಲಲ್ಲಿ ಕ್ಯಾಪ್ಟನ್‌ನನ್ನು ಹುಡುಕುತ್ತ ಎರಡು ಸಲ ಮುಂದೆ ಹೋಗಿಬಿಟ್ಟ. ಆಕೆಗೆ ಏನೂ ಆಗಲಿಲ್ಲ. ಆದ್ದರಿಂದ ಈ ಕತೆಯನ್ನು ಊರಿಗೆಲ್ಲ ಹೇಳಲು ಆಕೆಗೆ ಬೇಕಾದಷ್ಟು ಪುರುಸೊತ್ತಿತ್ತು.

ದೂಮಪ್ಪ ದೀಪ ಆರಿಸಿದ್ದು ಲಾರೆಲ್‌ನವರಿಗಾಗಿ ಅಲ್ಲ, ಕನ್ನಡ ಕೂಟದವರಿಗಾಗಿ.

ಕೂಟದ ಅಧ್ಯಕ್ಷ ಗೋಪಿನಾಥ ಮೈಸೂರಿನವರು. ರಾಕ್‌ವಿಲ್‌ನ ಸರ್ಕಾರಿ ಕಚೇರಿಯೊಂದರಲ್ಲಿ ಔಷಧಗಳ ಅಂಕಿಅಂಶ ನೋಡುವ ಕೆಲಸ. ದೂಮಪ್ಪ ಅಂಗಡಿ ಕೊಂಡ ಸುದ್ದಿ ಕೇಳಿ ಅವರು ಯುಗಾದಿ ಊಟದ ಸಾಲಿನಲ್ಲಿ, “ಎಂಥ ಸ್ಟೋರು ದೂಮಪ್ಪನೋರೇ?” ಎಂದಿದ್ದರು. ಹಿಂದೆ ಮುಂದೆ ಜನ. ದೂಮಪ್ಪ, “ಗ್ರೋಸರಿ” ಎಂದರು. ಪೂರ್ತಿ ಸುಳ್ಳಲ್ಲ. ಅಂಗಡಿಯಲ್ಲಿ ಚಿಪ್ಸ್ ಇತ್ತು, ಐಸ್ ಇತ್ತು, ನಿಂಬೆಹಣ್ಣಿತ್ತು. ಆದರೆ ಗೋಪಿನಾಥರ ಹೆಂಡತಿ ಕಾತ್ಯಾಯಿನಿ ಅಲ್ಲಿಯೇ ಕೇಳಿದರು:

“ಅಯ್ಯೋ, ಹಾಗಾದ್ರೆ ಸೋನಾ ಮಸೂರಿ ಸಿಗುತ್ತಾ? ಕರಿಬೇವು? ನಾವೇ ಡ್ರೈವ್ ಮಾಡ್ಕೊಂಡು ಬರ್ತೀವಿ.”

“ಬೇಡ ಬೇಡ ಅಕ್ಕಾ. ನಾನೇ ತಂದು ಕೊಡ್ತೇನೆ.”

ಅಲ್ಲಿಂದ ಮುಂದೆ ಪ್ರತಿ ಭಾನುವಾರ ದೂಮಪ್ಪ ಲ್ಯಾಂಗ್ಲಿ ಪಾರ್ಕಿನ ಇಂಡಿಯನ್ ಅಂಗಡಿಗೆ ಹೋಗಿ ಅಕ್ಕಿ, ತೊಗರಿಬೇಳೆ, ಕರಿಬೇವು ಕೊಂಡು, ಅದೇ ಬೆಲೆಗೆ ರಾಕ್‌ವಿಲ್‌ಗೆ ಮುಟ್ಟಿಸಿ ಬರುತ್ತಿದ್ದರು. ಕಾತ್ಯಾಯಿನಿ ನಾಲ್ಕು ಮನೆಗೆ ಹೇಳಿದರು, ಆ ಮನೆಯವರು ಇನ್ನಷ್ಟು ಮನೆಗೆ. ದೂಮಪ್ಪನವರ ಗ್ರೋಸರಿಯಂಥ ಗ್ರೋಸರಿ ಅಮೆರಿಕದಲ್ಲೇ ಇಲ್ಲ ಎಂಬ ಮಾತು ಹಬ್ಬಿತು. ಬೆಲೆ ನ್ಯಾಯ, ಮನೆಬಾಗಿಲಿಗೆ ಸಾಮಾನು, ನಗುಮುಖ. ಇಂಥ ಪ್ರಾಮಾಣಿಕ ಮನುಷ್ಯ ಖಜಾಂಚಿಯಾದರೆ ಚೆನ್ನ ಎಂದು ಕೂಟದಲ್ಲಿ ಮಾತು ಬಂತು. 1995ರ ಜೂನಿನ ಚುನಾವಣೆಗೆ ಅವರ ಹೆಸರನ್ನು ಗೋಪಿನಾಥರೇ ಸೂಚಿಸಿದರು. ಕೂಟದ ಚುನಾವಣೆಯಲ್ಲಿ ಒಂದು ಹುದ್ದೆಗೆ ಎರಡು ಹೆಸರು ಬಂದ ನೆನಪು ಯಾರಿಗೂ ಇರಲಿಲ್ಲ. ಸೂಚಿಸಿದರೆ ಆದಂತೆಯೇ.

ಉಳಿದಿದ್ದ ಅಪಾಯ ಒಂದೇ. ಕೊಲಂಬಿಯಾ ಕಡೆಯ ಕನ್ನಡದವರು ಲ್ಯಾನ್‌ಹಮ್‌ನ ದೇವಸ್ಥಾನಕ್ಕೆ ಬರುವಾಗ ತೊಂಬತ್ತೈದನೇ ಹೆದ್ದಾರಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದರೆ ಪಕ್ಕದ ಹಳೆಯ ರಸ್ತೆ ರೂಟ್ ಒನ್‌ಗೆ ಇಳಿದುಬಿಡುತ್ತಾರೆ. ರೂಟ್ ಒನ್‌ನಲ್ಲಿ ಕ್ಯಾಪ್ಟನ್ ಇದ್ದ.

ಟಿಪೆಟ್ ಬಂದು ಹೋದ ಸಂಜೆ ಊಟದ ಮೇಜಿನಲ್ಲಿ ಮಾತಾಯಿತು. ಆಕ್ಷೇಪದಲ್ಲಿ ಬರೆದದ್ದು ಮೂರು ವಿಷಯ: ದೀಪವಿಲ್ಲ, ಕಿಟಕಿಗೆ ಪರದೆ, ಸಾಮಾನನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಒಳಗೆ ಬೇರೇನೋ ವ್ಯವಹಾರ ನಡೆಯುತ್ತಿದೆ ಎಂದು ನಿವಾಸಿಗಳಿಗೆ ಸಂಶಯ.

“ಬೇರೆಂತ ವ್ಯವಹಾರ? ಮರ್ಯಾದೆಗೆ ಸುತ್ತಿ ಕೊಡುದು” ಎಂದರು ದೂಮಪ್ಪ.

“ಯಾರ ಮರ್ಯಾದೆಗೆ?” ಚಂದ್ರಾವತಿ ಮೀನಿನ ಮುಳ್ಳು ಬಿಡಿಸುತ್ತ ಕೇಳಿದರು. “ಅವರು ಕೇಳಿದ್ರಾ?”

“ಕೇಳ್ಲಿಕ್ಕೆ ಇಲ್ಲ ಅದನ್ನು. ಅರ್ಥ ಮಾಡ್ಕೊಳ್ಬೇಕು.”

ಹದಿನಾರರ ಅಶ್ವಿತಾ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅಪ್ಪಾ, ಸ್ಕೂಲಲ್ಲಿ ಎವ್ರಿಬಡಿ ಕೇಳ್ತಾರೆ. ವೈ ಡಿಡ್ ಯುವರ್ ಡ್ಯಾಡ್ ಕಿಲ್ ದ ಕ್ಯಾಪ್ಟನ್ ಅಂತ. ಇಟ್ಸ್ ಜಸ್ಟ್ ಬಿಯರ್.”

“ನಿನಗೆ ಗೊತ್ತಾಗುದಿಲ್ಲ.”

“ಬಿಯರ್ ಮಾರೋದು ಗೊತ್ತಾಗುತ್ತೆ. ಕಾತ್ಯಾಯಿನಿ ಆಂಟಿಗೆ ಕರಿಬೇವು ಡೆಲಿವರ್ ಮಾಡೋದು ಗೊತ್ತಾಗಲ್ಲ. ದಟ್ಸ್ ದ ವಿಯರ್ಡ್ ಪಾರ್ಟ್.”

“ಹುಡುಗಿ ಸರಿ ಹೇಳ್ತಾಳೆ” ಎಂದರು ಚಂದ್ರಾವತಿ. “ದೀಪ ಹಾಕಿ ಮಾರಾಯ್ರೆ. ಲೈಸೆನ್ಸ್ ಹೋದ್ರೆ ಖಜಾಂಚಿ ಆಗಿ ಎಂತ ತಿನ್ನುದು?”

ದೂಮಪ್ಪ ಎರಡು ದಿನ ಯೋಚಿಸಿ ಮಧ್ಯದ ದಾರಿಯೊಂದನ್ನು ಕಂಡುಕೊಂಡರು. ಬೋರ್ಡು ರಿಪೇರಿಯವನನ್ನು ಕರೆಸಿ, ಕ್ಯಾಪ್ಟನ್ ಬೆಳಗಲಿ, ಗ್ಲಾಸು ಬೆಳಗುವುದು ಬೇಡ, ಕೆಳಗಿನ ಅಕ್ಷರವೂ ಬೇಡ ಎಂದರು. ಟೊಪ್ಪಿ ಹಾಕಿದ ಗಡ್ಡದ ಹಿರಿಯರೊಬ್ಬರು ಕೈಯೆತ್ತಿ ನಮಸ್ಕಾರ ಹೇಳುವಂತೆ ಕಾಣುತ್ತದೆ, ಬಿಯರ್ ಎಂದು ದೇವಸ್ಥಾನಕ್ಕೆ ಹೋಗುವವರಿಗೆ ತಿಳಿಯುವುದಿಲ್ಲ, ಆಂಬುಲೆನ್ಸಿನವನಿಗೆ ದಾರಿ ತಿಳಿಯುತ್ತದೆ ಎಂಬುದು ಅವರ ಎಣಿಕೆ. ರಿಪೇರಿಯವನು, “ಖಂಡಿತಾ?” ಎಂದು ಕೇಳಿದ. ದೂಮಪ್ಪ ಖಂಡಿತಾ ಎಂದರು. ಅವನು ಎರಡು ತಂತಿ ಬಿಚ್ಚಿದ.

ಸಂಜೆ ಸ್ವಿಚ್ ಹಾಕಿದಾಗ ಒಂದೂವರೆ ವರ್ಷದ ಮೇಲೆ ಕ್ಯಾಪ್ಟನ್ ಬೆಳಗಿದ. ಖಾಲಿ ಮುಷ್ಟಿ ಸೊಂಟದಿಂದ ಎದೆಗೆ ಬಂತು, ಎದೆಯಿಂದ ಮೂಗಿನ ಕೆಳಗೆ ಬಂತು, ಅಲ್ಲಿಯೇ ನಿಂತಿತು. ಕತ್ತಲಾಯಿತು. ಮತ್ತೆ ಸೊಂಟದಿಂದ ಹೊರಟಿತು. ರಸ್ತೆಯಲ್ಲಿ ಹೋಗುತ್ತಿದ್ದ ಕಾರುಗಳು ನಿಧಾನ ಮಾಡಿದವು. ಒಬ್ಬ ಕಾರಿನಿಂದ ತಲೆ ಹೊರಹಾಕಿ, “ಅವನಿಗೊಂದು ಕರ್ಚೀಫು ಕೊಡಿ!” ಎಂದು ಕೂಗಿದ. ಮಿಸೆಸ್ ಗ್ರಬ್ ಕೋಟು ಹಾಕಿಕೊಂಡು ಬಂದು ಎದುರಿನ ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮರುದಿನ ಆಕ್ಷೇಪಕ್ಕೆ ಇನ್ನಷ್ಟು ಸಹಿ ಸೇರಿದವು. ಅದರಲ್ಲಿ ಕೆಲವರು ಕುಡಿಯುವವರೇ ಅಲ್ಲ.

ಆ ಭಾನುವಾರ ಸಾಮಾನು ಕೊಡಲು ಹೋದಾಗ ಕಾತ್ಯಾಯಿನಿ ಹೇಳಿದರು: “ಲಾರೆಲ್ ಹತ್ರ ಯಾವ್ದೋ ಬೋರ್ಡ್ ಬಂದಿದೆಯಂತೆ, ನೆಗಡಿ ಮಾತ್ರೆ ಜಾಹೀರಾತು. ಕೊಲಂಬಿಯಾದ ನೀಲಗಂಗಾ ನೋಡ್ಕೊಂಡ್ ಬಂದ್ಲು. ನಿಮ್ಮ ಸ್ಟೋರ್ ಕಡೆನೇ ಅಲ್ವಾ?” ದೂಮಪ್ಪ, ಗಮನಿಸಿಲ್ಲ ಎಂದರು.

ವಿಚಾರಣೆ ಮೇ ಎರಡರ ಬೆಳಿಗ್ಗೆ. ದೂಮಪ್ಪ ಮಗಳ ಅರಂಗೇಟ್ರಂಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೋದರು. ಚಂದ್ರಾವತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಿಳಿ ಬೂಟಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಮಂಡಳಿಯ ಅಧ್ಯಕ್ಷೆ ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು, ಯಾರ ಮಾತಿಗೂ ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಬೀದಿಯವರ ಪರವಾಗಿ ಟಿಪೆಟ್ ಎದ್ದು ನಿಂತರು. ದೀಪ, ಪರದೆ, ಕಾಗದ ಎಲ್ಲವನ್ನೂ ಹೇಳಿದರು.

“ಈಗ ದೀಪ ಉರಿಯುತ್ತಿದೆ ಎಂದು ಈ ಕಡತದಲ್ಲಿದೆಯಲ್ಲ” ಎಂದರು ಅಧ್ಯಕ್ಷೆ.

“ಉರಿಯುತ್ತೆ ಮೇಡಂ. ಕ್ಯಾಪ್ಟನ್ ಮೂಗು ಒರೆಸಿಕೊಳ್ತಿದ್ದಾನೆ.”

ಮಂಡಳಿಯ ಸದಸ್ಯರೊಬ್ಬರಿಗೆ ಕೆಮ್ಮು ಬಂತು. ಅಧ್ಯಕ್ಷೆ ದೂಮಪ್ಪನವರತ್ತ ತಿರುಗಿದರು. “ಮಿಸ್ಟರ್ ಪೂಜಾರಿ, ಮಾರಬಾರದ್ದೇನಾದರೂ ಮಾರುತ್ತಿದ್ದೀರಾ?”

“ಇಲ್ಲ ಮೇಡಂ.”

“ಹಾಗಾದರೆ ಮುಚ್ಚಿಡುವುದು ಏಕೆ?”

ದೂಮಪ್ಪ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಉತ್ತರ ಶುರುಮಾಡಿದರು. ಕರೆಂಟಿನ ಖರ್ಚು, ಬಿಸಿಲಿಗೆ ಬಿಯರ್ ಕೆಡುವುದು, ಚೀಲ ಹರಿಯುವುದು. ಹಿಂದಿನಿಂದ ಚಂದ್ರಾವತಿ ತುಳುವಿನಲ್ಲಿ ಒಂದು ಮಾತು ಹೇಳಿದರು.

ಟೈಪ್ ಮಾಡುತ್ತಿದ್ದವಳು ಕೈ ನಿಲ್ಲಿಸಿ, ಆಕೆ ಏನೆಂದರು, ದಾಖಲಿಸಬೇಕು ಎಂದಳು.

“ಸತ್ಯ ಹೇಳಿ ಕೂತ್ಕೊಳ್ಳಿ ಅಂತ ಹೇಳ್ತಿದ್ದಾಳೆ” ಎಂದರು ದೂಮಪ್ಪ.

“ನನಗೂ ಅದೇ ಸರಿ ಅನ್ನಿಸುತ್ತೆ” ಎಂದರು ಅಧ್ಯಕ್ಷೆ.

ಆಗ ದೂಮಪ್ಪ ಹೇಳಿದರು. ತನ್ನ ಅಪ್ಪ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದ. ಕುಡಿಯುವವರು ಮನೆಯ ಹಿತ್ತಿಲಿಗೆ ಬರುತ್ತಿದ್ದರು. ಅದೇ ಜನ ಪೇಟೆಯಲ್ಲಿ ಎದುರು ಸಿಕ್ಕರೆ ಅಪ್ಪನ ತಲೆಯ ಮೇಲಿಂದ ಆಚೆ ಏನನ್ನೋ ನೋಡುತ್ತ ಹೋಗುತ್ತಿದ್ದರು. ಶಾಲೆಯ ಮೇಷ್ಟ್ರು ಶನಿವಾರ ಹಿತ್ತಿಲಿಗೆ ಬಂದವರು, ಸೋಮವಾರ ಹಾಜರಿ ಕರೆದು ಹುಡುಗರ ಅಪ್ಪಂದಿರ ಕಸುಬು ಓದುವಾಗ ದೂಮಪ್ಪನ ಹೆಸರಿನ ಮುಂದೆ ‘ಕೃಷಿ’ ಎಂದು ಓದುತ್ತಿದ್ದರು. ಅದನ್ನು ತಾನು ದಯೆ ಎಂದೇ ತಿಳಿದದ್ದು. ಈಗಲೂ ತಿಳಿದಿರುವುದು ಹಾಗೆಯೇ. ಕಾಗದ ಸುತ್ತುವುದೂ ಅಷ್ಟೇ, ಗಿರಾಕಿಯನ್ನು ಯಾರೂ ನೋಡದಿರಲಿ ಎಂದು. ಪರದೆಯೂ ಅಷ್ಟೇ. ದೀಪ ಮಾತ್ರ ತನಗಾಗಿ ಆರಿಸಿದ್ದು. ತನ್ನ ಊರಿನ ಕಡೆಯವರು ತನ್ನನ್ನು ದಿನಸಿ ಅಂಗಡಿಯವನೆಂದು ತಿಳಿದಿದ್ದಾರೆ.

ಟಿಪೆಟ್ ಕೈ ಎತ್ತಿದರು.

“ಡೊಮ್, ನಮ್ಮ ಪಾದ್ರಿಗೆ ಟಾಲಿ ತಗೊಂಡು ಹೋಗಿ ಕೊಡೋನು ನಾನು. ನಾನು ಬರೋದು ಕಂಡ್ರೆ ಅವರು ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೈ ಬೀಸ್ತಾರೆ. ಅದನ್ನ ನೀವು ಕಾಗದದಲ್ಲಿ ಸುತ್ತಿ ಕೊಟ್ರೆ, ನಾನು ಪಾದ್ರಿಗೆ ಏನು ಒಯ್ತಿದ್ದೀನಿ ಅಂತ ಜನ ತಿಳ್ಕೋಬೇಕು?”

“ನೀವು ಅದನ್ನು ಕುಡಿದಿದ್ದೀರಾ, ಮಿಸ್ಟರ್ ಪೂಜಾರಿ?” ಎಂದು ಕೆಮ್ಮಿದ್ದ ಸದಸ್ಯರು ಕೇಳಿದರು.

“ನಾನು ಕುಡಿಯುವುದಿಲ್ಲ ಸರ್.”

ಅಂದಿನ ವಿಚಾರಣೆಯಲ್ಲಿ ಜನ ಗುಸುಗುಸು ಮಾಡಿದ್ದು ಆಗ ಮಾತ್ರ.

ಮಂಡಳಿ ಅರ್ಧ ಗಂಟೆ ಒಳಗೆ ಕೂತು ಬಂದು ಆದೇಶ ಹೇಳಿತು. ಲೈಸೆನ್ಸ್ ಒಂದು ವರ್ಷಕ್ಕೆ ನವೀಕರಣ. ಪರದೆ ತೆಗೆಯಬೇಕು. ಬಿಯರ್ ಗಿರಾಕಿಗೆ ಕಾಣುವಲ್ಲಿ ಇಡಬೇಕು. ಬೋರ್ಡು ಮೊದಲಿನಂತೆ, ಗ್ಲಾಸು ಮತ್ತು ಅಕ್ಷರ ಸಮೇತ, ಸಂಜೆಯಿಂದ ಅಂಗಡಿ ಮುಚ್ಚುವವರೆಗೆ ಉರಿಯಬೇಕು. ಎರಡು ವಾರದ ಅವಕಾಶ. ಒಪ್ಪಿಗೆಯೇ ಎಂದು ಕೇಳಿದಾಗ ದೂಮಪ್ಪ ಹಿಂದೆ ತಿರುಗಿ ನೋಡಿದರು. ಚಂದ್ರಾವತಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ದೂಮಪ್ಪ ಒಪ್ಪಿಗೆ ಎಂದರು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಟಿಪೆಟ್ ತಮ್ಮ ಟ್ರಕ್ಕಿನಿಂದ ಒಂದು ಕ್ಯಾನ್ ತೆಗೆದು ಕೊಟ್ಟರು. ದೂಮಪ್ಪ ಅತ್ತಿತ್ತ ನೋಡಿ ಒಂದು ಗುಟುಕು ಕುಡಿದರು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

“ಹೇಗಿದೆ?”

“ನೀರು ಜಾಸ್ತಿ.”

“ಜಾಸ್ತಿನೇ” ಎಂದರು ಟಿಪೆಟ್, ಮತ್ತು ಕೈ ಕುಲುಕಿದರು.

ರಿಪೇರಿಯವನು ಬರುವುದಕ್ಕೆ ಮುಂಚಿನ ಭಾನುವಾರ ದೂಮಪ್ಪ ರಾಕ್‌ವಿಲ್‌ಗೆ ಹೋದರು. ದಾರಿಯಲ್ಲಿ ಹೋಗುವವರು ನೋಡಿ ಹೇಳುವ ಮೊದಲು ತಾನೇ ಹೇಳಿಬಿಡಬೇಕು ಎಂಬುದು ಅವರ ತೀರ್ಮಾನ. ಅಕ್ಕಿಯ ಚೀಲವನ್ನು ಅಡುಗೆಮನೆಯಲ್ಲಿಟ್ಟು, ಗೋಪಿನಾಥರ ಜೊತೆ ಎರಡು ಮಾತು ಆಡಬೇಕಿತ್ತು ಎಂದರು. ಗೋಪಿನಾಥ ಅವರನ್ನು ಬೇಸ್‌ಮೆಂಟಿಗೆ ಕರೆದೊಯ್ದರು. ಮೇಲೆ ದೇವರ ಮನೆ, ಕೆಳಗೆ ಟಿವಿ, ಸೋಫಾ ಮತ್ತು ಗಾಜಿನ ಬಾಗಿಲಿನ ಬೀರುವಿನಲ್ಲಿ ವಿಸ್ಕಿ ಬಾಟಲಿಗಳು. ಕೂಟದ ಗಂಡಸರ ಮುಖ್ಯ ಚರ್ಚೆಗಳೆಲ್ಲ ನಡೆಯುವುದು ಅಲ್ಲಿ. ಗೋಪಿನಾಥ ತಮಗೊಂದು ಪೆಗ್ ಹಾಕಿಕೊಂಡು ಕುಳಿತರು.

ದೂಮಪ್ಪ ನಿಂತುಕೊಂಡೇ ಹೇಳಿದರು. “ನನ್ನದು ಗ್ರೋಸರಿ ಅಲ್ಲ ಸರ್. ಬಿಯರಿನ ಅಂಗಡಿ. ವೈನೂ ಉಂಟು.”

ಗೋಪಿನಾಥ ಗ್ಲಾಸನ್ನು ಬಾಯಿಯ ಹತ್ತಿರ ತಂದವರು ಅಲ್ಲೇ ನಿಲ್ಲಿಸಿದರು. “ಮತ್ತೆ ಅಕ್ಕಿ?”

“ಲ್ಯಾಂಗ್ಲಿ ಪಾರ್ಕಿನಿಂದ ತರುದು.”

“ಅಂದ್ರೆ ಇಷ್ಟು ದಿನ ನೀವು ಅಲ್ಲಿ ರೀಟೇಲ್‌ನಲ್ಲಿ ತಗೊಂಡು ನಮಗೆ ಅದೇ ರೇಟಿಗೆ...?”

“ಹೌದು.”

ಗೋಪಿನಾಥ ಒಂದು ಗುಟುಕು ಕುಡಿದು ಯೋಚಿಸಿದರು. “ನೋಡಿ ದೂಮಪ್ಪನೋರೇ, ಪರ್ಸನಲ್ ಆಗಿ ನನಗೇನೂ ಪ್ರಾಬ್ಲಮ್ ಇಲ್ಲ. ನಾನು ಬ್ರಾಡ್ ಮೈಂಡೆಡ್. ಆದ್ರೆ ಕೂಟ ಅಂದ್ಮೇಲೆ ಫ್ಯಾಮಿಲಿಗಳು ಬರ್ತಾರೆ, ಮಕ್ಕಳು ಇರ್ತಾರೆ. ಖಜಾಂಚಿ ಲಿಕ್ಕರ್ ಬಿಸಿನೆಸ್‌ನಲ್ಲಿ ಇದ್ದಾರೆ ಅಂದ್ರೆ ಒಂದು ಇಮೇಜ್ ಅಂತ ಇರುತ್ತಲ್ಲ? ನೀವೇ ಹೆಸರು ವಾಪಸ್ ತಗೊಂಡ್ಬಿಡಿ. ಹೆಲ್ತ್ ರೀಸನ್ ಅಂತ ನಾನು ಅನೌನ್ಸ್ ಮಾಡ್ತೀನಿ. ಯಾರಿಗೂ ಏನೂ ಗೊತ್ತಾಗಲ್ಲ.”

“ಲಿಕ್ಕರ್ ಇಲ್ಲ ಸರ್. ಅದಕ್ಕೆ ಬೇರೆ ಲೈಸೆನ್ಸ್. ನೀವು ಕುಡಿಯುದು ನನ್ನ ಅಂಗಡಿಯಲ್ಲಿ ಸಿಗುದಿಲ್ಲ.”

“ಅದಲ್ಲ ನಾನು ಹೇಳ್ತಿರೋದು.”

“ನನಗೆ ಹೆಲ್ತ್ ಸರಿ ಉಂಟು” ಎಂದರು ದೂಮಪ್ಪ. “ಹೆಸರು ನೀವೇ ಬರೆದದ್ದು. ಇರಲಿ ಅದು. ಅಂಗಡಿ ಎಂಥದು ಅಂತ ಸಭೆಯಲ್ಲಿ ನಾನೇ ಹೇಳ್ತೇನೆ. ಬೇಡದಿದ್ದವರು ಓಟು ಹಾಕುದು ಬೇಡ.”

“ಕಂಟೆಸ್ಟ್ ಮಾಡ್ತೀರಾ?” ಗೋಪಿನಾಥರಿಗೆ ನಿಜವಾಗಿಯೂ ಗಾಬರಿಯಾಗಿತ್ತು. “ನಮ್ಮ ಕೂಟದಲ್ಲಿ ಯಾವತ್ತೂ ಕಂಟೆಸ್ಟ್ ಆಗಿಲ್ಲ ಕಣ್ರೀ! ಬ್ಯಾಲೆಟ್ ಬಾಕ್ಸ್ ಕೂಡ ಇಲ್ಲ!”

“ಒಂದು ಖಾಲಿ ಪೆಟ್ಟಿಗೆ ಬೇಕಾದ್ರೆ ಅಂಗಡಿಯಿಂದ ತರ್ತೇನೆ.”

ಅಷ್ಟರಲ್ಲಿ ಕಾತ್ಯಾಯಿನಿ ಮೆಟ್ಟಿಲಿನ ಅರ್ಧಕ್ಕೆ ಇಳಿದು ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. “ದೂಮಪ್ಪ ಅವ್ರೇ” ಎಂದರು, “ನೀವು ಮುಂದಿನ ವಾರದಿಂದ ಬರಲ್ವಾ ಹಾಗಾದ್ರೆ?”

“ಇಲ್ಲ ಅಕ್ಕಾ. ಲ್ಯಾಂಗ್ಲಿ ಪಾರ್ಕಿನ ಅಂಗಡಿಯವನ ನಂಬರ್ ಕೊಡ್ತೇನೆ. ಅವನು ಮನೆಗೆ ತರುದಿಲ್ಲ.”

“ಅಷ್ಟ್ ಒಳ್ಳೆ ಕರಿಬೇವು...” ಎಂದರು ಕಾತ್ಯಾಯಿನಿ, ಗಂಡನ ಕಡೆ ನೋಡಿ. ಗೋಪಿನಾಥ ಗ್ಲಾಸು ಕೆಳಗಿಟ್ಟರು.

ಬುಧವಾರ ರಿಪೇರಿಯವನು ಬಂದು ಎರಡು ತಂತಿ ಕಟ್ಟಿದ. ಟಿಪೆಟ್ ದಳದ ಹಳೆಯ ಟೊಪ್ಪಿ ಹಾಕಿಕೊಂಡು ಬಂದಿದ್ದರು. ಮಿಸೆಸ್ ಗ್ರಬ್ ಮಡಚುವ ಕುರ್ಚಿ ತಂದಿದ್ದರು. ಸ್ವಿಚ್ ಒತ್ತಿದವಳು ಅಶ್ವಿತಾ. ಗ್ಲಾಸು ಸೊಂಟದಿಂದ ಎದೆಗೆ, ಎದೆಯಿಂದ ಬಾಯಿಗೆ ಬಂತು. ಯಾರೋ ಚಪ್ಪಾಳೆ ತಟ್ಟಿದರು. ಆ ಸಂಜೆ ಒಳಗೆ ತಣ್ಣಗೆ ಇಟ್ಟಿದ್ದ ಟಾಲಿ ಮುಗಿದುಹೋಯಿತು. ತಣ್ಣಗಿಲ್ಲದ್ದನ್ನೂ ಜನ ಒಯ್ದರು. ದೂಮಪ್ಪನವರ ಕೈ ಎರಡು ಸಲ ಸುತ್ತುವ ಹಾಳೆಗೆಂದು ಕೌಂಟರಿನ ಕೆಳಗೆ ಹೋಗಿ ಬರಿದೇ ಮೇಲೆ ಬಂತು.

ಕೂಟದ ಚುನಾವಣೆ ಜೂನ್ ಹನ್ನೊಂದರ ಭಾನುವಾರ, ಶಾಲೆಯೊಂದರ ಊಟದ ಹಾಲಿನಲ್ಲಿ ನಡೆಯಿತು. ದೂಮಪ್ಪ ಎದ್ದು ನಿಂತು ತನ್ನದು ಲಾರೆಲ್‌ನ ರೂಟ್ ಒನ್‌ನಲ್ಲಿರುವ ಬಿಯರ್ ಅಂಗಡಿ, ದೊಡ್ಡ ಬೋರ್ಡಿದೆ, ಯಾರು ಬೇಕಾದರೂ ಬರಬಹುದು ಎಂದು ಹೇಳಿ ಕುಳಿತರು. ಗೋಪಿನಾಥರು ಆತುರದಲ್ಲಿ ಹುಡುಕಿ ನಿಲ್ಲಿಸಿದ್ದ ಅಲೆಕ್ಸಾಂಡ್ರಿಯಾದ ಮುರಳೀಧರ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಖಜಾಂಚಿಯಾಗಿ ಆಯ್ಕೆಯಾದರು. ದೂಮಪ್ಪನವರಿಗೂ ಓಟು ಬಂದವು, ಗೋಪಿನಾಥ ಎಣಿಸಿದ್ದಕ್ಕಿಂತ ಹೆಚ್ಚು. ಅವುಗಳಲ್ಲಿ ಬಹಳಷ್ಟು ಹೆಂಗಸರವು ಎಂದು ಗೋಪಿನಾಥರ ಲೆಕ್ಕಾಚಾರ. ಹೊಸ ಸಮಿತಿ ಮೊದಲ ಸಭೆಯಲ್ಲೇ ಜುಲೈ ಹದಿನೈದರ ಪಿಕ್ನಿಕ್ಕಿಗೆ ಐಸ್ ತರುವ ಕೆಲಸವನ್ನು, ಹೇಗೂ ಅವರ ಅಂಗಡಿಯಲ್ಲಿ ಇರುತ್ತದೆಂದು, ದೂಮಪ್ಪ ಪೂಜಾರಿಗೆ ವಹಿಸಿತು. ಅವರು ಅದನ್ನು ಬೆಳಿಗ್ಗೆ ಎಂಟಕ್ಕೆ ಪಾರ್ಕಿನ ಮೂರನೇ ಶೆಡ್ಡಿಗೆ ತಲುಪಿಸಬೇಕು.